ಪೆಟ್ರೋಲ್ ಹಾಕಿಸಿದ ಮೇಲೆ ಕಾರು ಜಗ್ಗಿದರೆ ಮೊದಲು ಒಂದು ಗಾಜಿನ ಬಾಟಲಿ ಹುಡುಕಿ

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ನಾನಿರುವುದು ದಾವಣಗೆರೆಯಲ್ಲಿ. ವಾರಕ್ಕೆ ಎರಡು ಸಲವಾದರೂ ಚಿತ್ರದುರ್ಗದ ಮೇಲೆ ಹೋಗಿ ಬರುತ್ತೇನೆ. ಕಾರು 2014ರ ಮಾಡೆಲ್, ಪೆಟ್ರೋಲ್, ಮೂರು ಸಿಲಿಂಡರ್. ಹೋದ ವರ್ಷ ಚಿತ್ತಾ ಮಳೆ ಎರಡು ದಿನ ಬಿಡದೆ ಹೊಡೆದ ಮಾರನೇ ದಿನ ದಾರಿಯ ಒಂದು ಬಂಕಿನಲ್ಲಿ 20 ಲೀಟರ್ ಹಾಕಿಸಿದೆ. ಮೂರು ಕಿಲೋಮೀಟರ್ ಚೆನ್ನಾಗಿಯೇ ಬಂತು. ಭರಮಸಾಗರ ಇನ್ನೂ ಮುಂದಿದೆ ಅನ್ನುವಾಗ ಯಾರೋ ಹಿಂದಿನಿಂದ ಹಿಡಿದ ಹಾಗೆ ಕಾರು ಜಗ್ಗಿತು. ಬಿಟ್ಟಿತು. ಮತ್ತೆ ಜಗ್ಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ. ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿ ಮಿಟುಕತೊಡಗಿತು.

ಇಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿನ ತನಕ ಹೋಗಬಹುದು. ಮಿಟುಕುತ್ತಿದ್ದರೆ ಹೋಗಬೇಡಿ. ಜೋರಾಗಿ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕೆಟ್ಟರೆ ಖರ್ಚು ದೊಡ್ಡದು. ನಾನು ಸರ್ವಿಸ್ ರಸ್ತೆಗೆ ಇಳಿಸಿ ಆಫ್ ಮಾಡಿದೆ. ಹಾಗೆ ನಿಂತಾಗ 'ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ' ಅನಿಸುತ್ತದೆ. ಕೆಟ್ಟ ಪೆಟ್ರೋಲ್ ಅಂತ ಅನುಮಾನವಿದ್ದರೆ ಅದನ್ನು ಮಾಡಬಾರದು. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಅದೇ ಪೆಟ್ರೋಲ್, ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತನಕ ಹೋಗುತ್ತದೆ.

ಈಗ ಮುಖ್ಯ ವಿಷಯ. ಪೆಟ್ರೋಲ್ ಹಾಕಿಸಿದ ಮೇಲೆ ಕೆಟ್ಟಿತು ಅಂದ ಮಾತ್ರಕ್ಕೆ ಪೆಟ್ರೋಲಿನಿಂದಲೇ ಕೆಟ್ಟಿತು ಅನ್ನುವ ಹಾಗಿಲ್ಲ. ಅವತ್ತು ನನ್ನ ಅನುಮಾನ ನಿಜವಾಗಿತ್ತು. ಇದಾಗಿ ನಾಲ್ಕು ತಿಂಗಳಿಗೆ ಅದೇ ಕಾರು, ಅದೇ ತರಹದ ಜಗ್ಗಾಟ, ಅದೂ ಬಂಕಿನಿಂದ ಹೊರಬಿದ್ದ ಹತ್ತು ನಿಮಿಷಕ್ಕೆ. ಆಗ ಪೆಟ್ರೋಲಿನ ತಪ್ಪು ಏನೂ ಇರಲಿಲ್ಲ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಕಾಯಿಲ್ ಹೋಗಿತ್ತು. ಎರಡನ್ನೂ ಬೇರೆ ಮಾಡಿ ನೋಡುವುದನ್ನು ಕಲಿತರೆ ಸುಮ್ನೆ ಟ್ಯಾಂಕ್ ಇಳಿಸುವ ಖರ್ಚು ಉಳಿಯುತ್ತದೆ, ಬಂಕಿನ ಹುಡುಗರ ಮೇಲೆ ಕೂಗಾಡುವುದೂ ತಪ್ಪುತ್ತದೆ.

ಮೊದಲು ಕಾರು ಹೇಗೆ ನಡೆದುಕೊಂಡಿತು ಎಂದು ನೆನಪು ಮಾಡಿಕೊಳ್ಳಿ. ಹಾಕಿಸಿದ ತಕ್ಷಣ ಸ್ಟಾರ್ಟ್ ಆಗಲು ಸತಾಯಿಸಿ, ಪೆಟ್ರೋಲ್ ವಾಸನೆ ಬಂದು, ಎರಡು ಮೂರು ಕಿಲೋಮೀಟರಿಗೆ ಸರಿಹೋಯಿತಾ? ಹಾಗಿದ್ದರೆ ಟ್ಯಾಂಕ್ ಅತಿಯಾಗಿ ತುಂಬಿರಬಹುದು. ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಹುಡುಗ ಇನ್ನೂ ನಾಲ್ಕು ಸಲ ಒತ್ತುತ್ತಾನಲ್ಲ, ಆಗ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವವೇ ಹೋಗಿಬಿಡುತ್ತದೆ. ಅದು ಕಲಬೆರಕೆ ಅಲ್ಲ. ಐಡ್ಲಿಂಗ್ ಚೆನ್ನಾಗಿದ್ದು, ಏರು ಬಂದಾಗ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಕಾರಿನ ಟ್ಯಾಂಕಿನೊಳಗಿನ ಪಂಪಿನ ಜಾಲರಿಗೋ ಫಿಲ್ಟರಿಗೋ ಕಸ ಕಟ್ಟಿರಬಹುದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತುಂಬಿಸುವ ಅಭ್ಯಾಸವಿದ್ದವರಿಗೆ ಇದು ಜಾಸ್ತಿ. ನೀರು ಸೇರಿದ್ದರೆ ಹಾಗಲ್ಲ. ಮೊದಲು ಚೆನ್ನಾಗಿ ಓಡುತ್ತದೆ, ಪೈಪಿನಲ್ಲಿದ್ದ ಹಳೆ ಪೆಟ್ರೋಲ್ ಮುಗಿದ ಮೇಲೆ ಶುರುವಾಗುತ್ತದೆ, ಹೋಗುತ್ತಾ ಹೋಗುತ್ತಾ ಹೆಚ್ಚಾಗುತ್ತದೆ. ಐಡ್ಲಿಂಗ್‌ನಲ್ಲೂ ನಡುಗಿ ಆಫ್ ಆಗುತ್ತದೆ.

ಆಮೇಲೆ ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಗುರುತಿಸಿಟ್ಟ ದೋಷದ ಕೋಡ್ ಓದುವ ಸಾಧನ. ಬ್ಲೂಟೂತ್‌ನದು ಸಣ್ಣದೊಂದು ಸಿಗುತ್ತದೆ, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲೇ ಕೋಡ್ ಕಾಣುತ್ತದೆ. ಇಂಜಿನ್ ಸ್ಟಾರ್ಟ್ ಮಾಡಬೇಕಿಲ್ಲ, ಕೀ ಆನ್ ಮಾಡಿದರೆ ಸಾಕು. ಭರಮಸಾಗರದ ಹತ್ತಿರ ನನಗೆ ಬಂದದ್ದು ಪಿ0300, ಜೊತೆಗೆ ಪಿ0171. ಮೊದಲನೆಯದು ಒಂದೇ ಸಿಲಿಂಡರ್ ಅಲ್ಲ, ಎಲ್ಲೆಂದರಲ್ಲಿ ಮಿಸ್ಸಿಂಗ್ ಆಗುತ್ತಿದೆ ಅನ್ನುತ್ತದೆ. ಎರಡನೆಯದು ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನುತ್ತದೆ. ಪೆಟ್ರೋಲ್ ಹೋಗಬೇಕಾದ ಕಡೆ ನೀರು ಹೋದರೆ ಹೀಗೇ ಕಾಣುತ್ತದೆ. ಪಂಪ್ ಸೋತರೂ ಹೀಗೇ ಕಾಣಬಹುದು, ಅದಕ್ಕೇ ಕೋಡ್ ಒಂದನ್ನೇ ನಂಬಬಾರದು. ಎರಡನೇ ಸಲ ಬಂದದ್ದು ಪಿ0302. ಕೊನೆಯ ಅಂಕಿ ಸಿಲಿಂಡರಿನದು. ಒಂದೇ ಟ್ಯಾಂಕಿನ ಪೆಟ್ರೋಲ್ ಮೂರು ಸಿಲಿಂಡರಿಗೂ ಹೋಗುವಾಗ ಎರಡನೆಯದು ಮಾತ್ರ ಮುನಿಸಿಕೊಂಡಿದೆ ಅಂದರೆ ಪೆಟ್ರೋಲನ್ನು ಬಿಟ್ಟು ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಬೇಕು. ಇಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲ್ ಬಿಚ್ಚಿ ಒಂದಕ್ಕೆ ಹಾಕಿ, ಒಂದರದ್ದನ್ನು ಎರಡಕ್ಕೆ ಹಾಕಿದೆ. ಕೋಡ್ ಅಳಿಸಿ ಐದು ನಿಮಿಷ ಓಡಿಸಿದೆ. ಈ ಸಲ ಪಿ0301 ಬಂತು. ಕಾಯಿಲ್ ಜೊತೆಗೇ ರೋಗವೂ ಜಾಗ ಬದಲಾಯಿಸಿತ್ತು. ಹೊಸ ಕಾಯಿಲ್ ಹಾಕಿಸಿದೆ, ಅಷ್ಟೇ.

ಕೋಡ್ ಎಲ್ಲ ಸಿಲಿಂಡರಿನದೂ ಅನ್ನುವಂತಿದ್ದರೆ ಬಾಟಲಿಯ ಕೆಲಸ ಬರುತ್ತದೆ. ಅಪ್ಪ ಯಾರ ಎಣ್ಣೆಯನ್ನೂ ತಂದ ಕೂಡಲೇ ನೋಡುತ್ತಿರಲಿಲ್ಲ. ಸೀಸೆಗೆ ಹಾಕಿ ಕಿಟಕಿಯ ಮೇಲಿಡುತ್ತಿದ್ದರು. 'ಅಲುಗಾಡಿಸಬೇಡ, ಕೂರಿಸು. ಒಳಗಿರೋದು ತಾನೇ ಕೆಳಗೆ ಬರುತ್ತೆ' ಅನ್ನುತ್ತಿದ್ದರು. ಪೆಟ್ರೋಲಿಗೂ ನಾನು ಅದನ್ನೇ ಮಾಡಿದ್ದು.

ಸ್ಯಾಂಪಲ್ ತೆಗೆಯುವುದನ್ನು ಮಾತ್ರ ಮೇಸ್ತ್ರಿಗೆ ಬಿಡಿ. ಪೆಟ್ರೋಲ್ ಲೈನಿನಲ್ಲಿ ಒತ್ತಡ ಇರುತ್ತದೆ, ಬಿಸಿ ಇಂಜಿನ್ ಮೇಲೆ ಚಿಮ್ಮಿದರೆ ಬೆಂಕಿ. ಬಾಯಲ್ಲಿ ಪೈಪ್ ಇಟ್ಟು ಎಳೆಯಲೇಬಾರದು. ಕಾರನ್ನು ಟೋ ಮಾಡಿಸಿ ದಾವಣಗೆರೆಗೆ ತಂದೆ. ನಮ್ಮ ಮೇಸ್ತ್ರಿ ಬಯಲಲ್ಲಿ ನಿಲ್ಲಿಸಿ, ಲೈನಿನ ಒತ್ತಡ ಇಳಿಸಿ, ಇಂಜಿನ್ ಹತ್ತಿರದ ಪೈಪ್ ಬಿಚ್ಚಿ ನನ್ನ ಕೈಯಲ್ಲಿದ್ದ ಉಪ್ಪಿನಕಾಯಿ ಬಾಟಲಿಗೆ ಬಿಟ್ಟರು. ಕೀ ಆನ್ ಮಾಡಿದಾಗಲೆಲ್ಲ ಪಂಪ್ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹತ್ತು ಹನ್ನೆರಡು ಸಲ ಆನ್-ಆಫ್ ಮಾಡಿದ ಮೇಲೆ ಅರ್ಧ ಬಾಟಲಿ ಬಂತು. ಬಾಟಲಿ ಗಾಜಿನದೇ ಇರಲಿ, ಪೂರ್ತಿ ಒಣಗಿರಲಿ. ಒಳಗೆ ಒಂದು ಹನಿ ನೀರಿದ್ದರೂ ಪರೀಕ್ಷೆ ಕೆಟ್ಟಿತು.

ಮುಚ್ಚಳ ಹಾಕಿ ನೆರಳಲ್ಲಿ ಅರ್ಧ ಗಂಟೆ ಇಟ್ಟೆವು. ಬರುವಾಗ ಮಬ್ಬಾಗಿತ್ತು, ಅಕ್ಕಿ ತೊಳೆದ ನೀರಿನ ಹಾಗೆ. ಆಮೇಲೆ ಮೇಲೆ ತಿಳಿಯಾದ ಪೆಟ್ರೋಲ್ ನಿಂತಿತು, ಕೆಳಗೆ ಎರಡು ಬೆರಳಿನಷ್ಟು ಬಣ್ಣ ಕಡಿಮೆಯಾದ ಇನ್ನೊಂದು ಪದರ. ನಡುವೆ ದಾರ ಕಟ್ಟಿದ ಹಾಗೆ ಗೆರೆ. ಬಾಟಲಿ ಓರೆ ಮಾಡಿದರೆ ಕೆಳಗಿನದು ತಡವಾಗಿ ಹೊರಳುತ್ತಿತ್ತು.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಇಥೆನಾಲ್ ಅನ್ನುವ ಆಲ್ಕೋಹಾಲ್ ಇದೆ. ಅದು ಸ್ವಲ್ಪ ನೀರನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ, ಇಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ನೀರು ಮಿತಿ ಮೀರಿದರೆ ಇಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಪಂಪ್ ಎಳೆಯುವುದು ಟ್ಯಾಂಕಿನ ತಳದಿಂದಲೇ ಅಲ್ವಾ? ಅದಕ್ಕೇ ಟ್ಯಾಂಕಿನಲ್ಲಿ ಎಷ್ಟು ಒಳ್ಳೆಯ ಪೆಟ್ರೋಲ್ ಇದ್ದರೂ ಕಾರು ನಿಲ್ಲುತ್ತದೆ.

ಇಲ್ಲಿ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಬಾಟಲಿಯ ಪೆಟ್ರೋಲಿಗೆ ತಾವೇ ನೀರು ಹಾಕಿ ಕುಲುಕಿ, ಹಾಕಿದ್ದಕ್ಕಿಂತ ಜಾಸ್ತಿ ನೀರು ತಳದಲ್ಲಿ ನಿಂತಿತು ನೋಡಿ ಅನ್ನುತ್ತಾರೆ. ನೀರು ಸೇರದ ಒಳ್ಳೆಯ ಪೆಟ್ರೋಲಿಗೂ ಹಾಗೆ ಮಾಡಿದರೆ ಅದರ ಇಥೆನಾಲ್ ನೀರಿಗೆ ಸೇರಿ ತಳದ ಪದರ ದಪ್ಪವಾಗುತ್ತದೆ. ಅದು ಇಥೆನಾಲ್ ಇದೆ ಅನ್ನುವುದಕ್ಕೆ ಸಾಕ್ಷಿ, ಬಂಕಿನವರು ನೀರು ಮಾರಿದರು ಅನ್ನುವುದಕ್ಕಲ್ಲ. ಏನೂ ಹಾಕದೆ ತಾನಾಗಿ ಬೇರೆಯಾದರೆ ಮಾತ್ರ ನೀರು ಅನ್ನಿ. ಹಳೆ ಕಾರಿಗೆ ಇಥೆನಾಲ್‌ನಿಂದ ಮೈಲೇಜ್ ಸ್ವಲ್ಪ ಇಳಿಯಬಹುದು, ಆದರೆ ಅದೊಂದರಿಂದಲೇ ಕಾರು ಹೀಗೆ ಇದ್ದಕ್ಕಿದ್ದಂತೆ ಜಗ್ಗುವುದಿಲ್ಲ.

ಬಾಟಲಿ ಒಂದೇ ಪದರವಾಗಿ ತಿಳಿಯಾಗಿಯೇ ಉಳಿದರೆ ಕಾರು ನಿಲ್ಲಿಸುವಷ್ಟು ನೀರಿಲ್ಲ. ಸೀಮೆಎಣ್ಣೆಯ ಅನುಮಾನವಿದ್ದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು. ನಾಜಲ್ಲಿನ ಬಾಯಿ ಒರೆಸಿ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಆರಿ ಕಲೆ ಉಳಿಯಬಾರದು. ಡೆನ್ಸಿಟಿಯನ್ನೂ ಅಳೆದು ತೋರಿಸಿ ಅನ್ನಬಹುದು. ಪೆಟ್ರೋಲಿನದು 15 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ ಘನ ಮೀಟರಿಗೆ 720ರಿಂದ 775 ಕಿಲೋ ಒಳಗಿರಬೇಕು. ಡೀಸೆಲ್ ಕಾರಿನವರಿಗೆ ಕೆಲಸ ಸುಲಭ, ಹೆಚ್ಚಿನವುಗಳಲ್ಲಿ ಫಿಲ್ಟರ್ ಕೆಳಗೆ ನೀರು ಇಳಿಸುವ ಸ್ಕ್ರೂ ಇರುತ್ತದೆ.

ಪದರ ಬೇರೆಯಾದ ಮೇಲೆ ಮೇಲಿಂದ ಒಳ್ಳೆಯ ಪೆಟ್ರೋಲ್ ತುಂಬಿಸಿ ಸರಿಮಾಡುತ್ತೇನೆ ಅನ್ನಬೇಡಿ, ಯಾವ ಲಿಕ್ವಿಡ್ ಡಬ್ಬಿಯನ್ನೂ ಸುರಿಯಬೇಡಿ. ಟ್ಯಾಂಕ್ ಇಳಿಸಿ ಖಾಲಿ ಮಾಡಿಸಬೇಕು. ನಮ್ಮ ಮೇಸ್ತ್ರಿ ಟ್ಯಾಂಕ್ ಒರೆಸಿ ಒಣಗಿಸಿದರು, ಪಂಪಿನ ಜಾಲರಿ ತೊಳೆದರು, ಲೈನಿನಲ್ಲಿದ್ದದ್ದನ್ನೂ ಹೊರಗೆ ಬಿಟ್ಟರು, ಪ್ಲಗ್ ಬಿಚ್ಚಿ ಒಣಗಿಸಿ ಹಾಕಿದರು. ಐದು ಲೀಟರ್ ಹೊಸ ಪೆಟ್ರೋಲಿಗೆ ಮೂರನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಒಂದು ನಿಮಿಷ ಮುಲುಗಿ ಆಮೇಲೆ ನಿಂತ ನೀರಿನ ಹಾಗೆ ಶಾಂತವಾಯಿತು. ಇಂಜಿನ್ ಆಯಿಲ್ ಕಡ್ಡಿಯನ್ನೂ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಾಯಿಸಿ.

ಬಂಕಿಗೆ ಮಾರನೇ ಬೆಳಗ್ಗೆ ಹೋದೆ. ಜೇಬಿನಲ್ಲಿ ಪೆಟ್ರೋಲ್ ಬಿಲ್ಲು, ಗ್ಯಾರೇಜಿನ ಬಿಲ್ಲು, ಕೈಯಲ್ಲಿ ಬಾಟಲಿ. ಜಗಳಕ್ಕೆ ಹೋಗಲಿಲ್ಲ. ಬಾಟಲಿಯನ್ನು ಮ್ಯಾನೇಜರ್ ಟೇಬಲ್ ಮೇಲಿಟ್ಟು 'ಅಣ್ಣಾ, ಇದು ಕೂತ ಮೇಲೆ ಹೀಗಾಗಿದೆ, ನಿಮ್ಮ ಟ್ಯಾಂಕ್ ಒಂದು ಸಲ ನೋಡಿ' ಅಂದೆ. ಅವರು ಕಡ್ಡಿಗೆ ನೀರು ತೋರಿಸುವ ಪೇಸ್ಟ್ ಹಚ್ಚಿ ನೆಲದ ಟ್ಯಾಂಕಿಗೆ ಇಳಿಸಿದರು. ಮೇಲೆ ತೆಗೆದಾಗ ತುದಿಯ ಬಣ್ಣ ತಿರುಗಿತ್ತು. ಮಳೆ ನೀರು ಒಳಗೆ ಇಳಿದಿತ್ತು. ಅವರೇ ಆ ನಾಜಲ್ಲಿಗೆ ಹಗ್ಗ ಕಟ್ಟಿ ಮಾರಾಟ ನಿಲ್ಲಿಸಿದರು. ನಾನು ದೂರು ಪುಸ್ತಕದಲ್ಲಿ ಹಾಕಿಸಿದ ಸಮಯ, ಲೀಟರ್, ಬಿಲ್ ನಂಬರ್ ಬರೆದು ಸಹಿ ಮಾಡಿ, ಆ ಪುಟದ ಫೋಟೋ ತೆಗೆದುಕೊಂಡು ಬಂದೆ. ಎರಡು ವಾರಕ್ಕೆ ಗ್ಯಾರೇಜಿನ ಖರ್ಚು ಕೊಟ್ಟರು.