ಗೋಡೆಗೆ ಅಂಟಿ ಬೆಳೆದ ಪೊದೆಗಿಡಗಳನ್ನು ಏನು ಮಾಡಬೇಕು?

ಮೊದಲು ಕೋಲಿನಿಂದ ಎಲೆ ಸರಿಸಿ, ಗಿಡದ ಹಿಂದಿನ ಗೋಡೆಯನ್ನು ನೋಡಿ. ಮಳೆ ನಿಂತು ಎರಡು ಮೂರು ದಿನವಾದರೂ ಗೋಡೆ ಆರಿಲ್ಲ, ಪಾಚಿ ಕಟ್ಟಿದೆ, ಬಣ್ಣ ಹಪ್ಪಳದಂತೆ ಎದ್ದಿದೆ ಎಂದರೆ ಅಲ್ಲಿ ಗಾಳಿಯಾಡುತ್ತಿಲ್ಲ. ನೆಲದಿಂದ ಮೇಲಕ್ಕೆ ಮಣ್ಣಿನ ಗೆರೆ ಹತ್ತಿದ್ದರೆ ಅದು ಗೆದ್ದಲಿನ ದಾರಿ. ಪೊದೆ ಮುಚ್ಚಿಕೊಂಡಿರುವುದರಿಂದ ಗೆದ್ದಲು ಮನೆಯೊಳಗೆ ಸೇರುವವರೆಗೂ ಗೊತ್ತಾಗುವುದಿಲ್ಲ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಅಂತರದ ಲೆಕ್ಕ ಹೀಗೆ: ಪೂರ್ತಿ ಬೆಳೆದ ಗಿಡದ ಅಗಲದಲ್ಲಿ ಅರ್ಧ, ಅದಕ್ಕೆ 1 ಅಡಿ ಸೇರಿಸಿ. 6 ಅಡಿ ಹರಡುವ ದಾಸವಾಳದ ಬುಡ ಗೋಡೆಯಿಂದ 4 ಅಡಿ ದೂರವಿರಬೇಕು. ನರ್ಸರಿಯ ಕವರಿನಲ್ಲಿರುವ ಸಸಿಯ ಗಾತ್ರ ನೋಡಿ ನೆಡುವುದೇ ಎಲ್ಲರೂ ಎಡವುವ ಜಾಗ.

ಬುಡ 2 ಅಡಿಗಿಂತ ದೂರವಿದ್ದರೆ ಸವರಿದರೆ ಸಾಕು. ಕತ್ತರಿಯಿಂದ ಹೊರಮೈ ಮಾತ್ರ ಟ್ರಿಮ್ ಮಾಡಬೇಡಿ. ತುದಿ ಕತ್ತರಿಸಿದಷ್ಟೂ ಹೊಸ ಚಿಗುರು ಒತ್ತಾಗಿ ಬಂದು ಗಾಳಿ ಇನ್ನಷ್ಟು ಕಟ್ಟುತ್ತದೆ. ಗೋಡೆಯ ಕಡೆಗೆ ಬಾಗಿದ ರೆಂಬೆಗಳನ್ನು ಅವು ಕವಲೊಡೆದ ಜಾಗದಲ್ಲೇ, ಮೋಟು ಉಳಿಯದಂತೆ ಕತ್ತರಿಸಿ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ದಾಸವಾಳ, ಬೋಗನ್‌ವಿಲ್ಲಾ ಗಟ್ಟಿ ಕಟ್ಟಿಗೆಯಿಂದಲೂ ಚಿಗುರುತ್ತವೆ. ಥೂಜಾ ಹಾಗಲ್ಲ, ಎಲೆಯಿಲ್ಲದ ಒಣ ಭಾಗದವರೆಗೆ ಕತ್ತರಿಸಿದರೆ ಆ ಜಾಗ ಬೋಳಾಗಿಯೇ ಉಳಿಯುತ್ತದೆ. ಕಣಗಿಲೆಯ ಎಲ್ಲ ಭಾಗವೂ ವಿಷ: ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ್ದನ್ನು ಸುಡಬೇಡಿ.

ಬುಡ ಇನ್ನೂ ಹತ್ತಿರವಿದ್ದರೆ ಕಿತ್ತು ಬೇರೆಡೆ ನೆಡುವುದೇ ಸರಿ. ಸುಮಾರು ಆರು ವಾರ ಮುಂಚೆ ಬುಡದ ಸುತ್ತ ಸನಿಕೆ ಇಳಿಸಿ ಬೇರು ಕತ್ತರಿಸಿ ಬಿಡಿ. ಹೊಸ ಬೇರು ಹೆಣೆದುಕೊಳ್ಳುತ್ತದೆ. ಕಾಂಡದ ದಪ್ಪದ ಹತ್ತು ಪಟ್ಟು ಅಗಲದ ಮಣ್ಣಿನ ಗಡ್ಡೆ ಬೇಕು, ಅಂದರೆ 3 ಸೆಂ.ಮೀ. ಕಾಂಡಕ್ಕೆ 30 ಸೆಂ.ಮೀ. ಗಡ್ಡೆಯನ್ನು ಗೋಣಿಯಲ್ಲಿ ಬಿಗಿದು ಎತ್ತಿ, ಮೊದಲಿದ್ದಷ್ಟೇ ಆಳಕ್ಕೆ ನೆಡಿ. ಕಡು ಬೇಸಿಗೆಯಲ್ಲಿ ಬೇಡ.

ಗಿಡವೇ ಬೇಡವಾದರೆ 2 ಅಡಿ ಕಾಂಡ ಉಳಿಸಿ ಕತ್ತರಿಸಿ, ಅದನ್ನೇ ಹಿಡಿದು ಅಲ್ಲಾಡಿಸುತ್ತಾ ಬೇರು ಬಿಡಿಸಿ. ಚರಂಡಿ ಪೈಪ್ ಎಲ್ಲಿ ಹಾದಿದೆ ಎಂದು ಮೊದಲೇ ನೋಡಿಕೊಳ್ಳಿ. ಸೋರುವ ಜಾಯಿಂಟಿನೊಳಗೆ ಬೇರು ನುಗ್ಗಿದ್ದರೆ ಎಳೆದಾಗ ಪೈಪೂ ಒಡೆಯುತ್ತದೆ. ಗೋಡೆಗೆ ಬೇರೂರಿದ ಬಳ್ಳಿಯನ್ನು ಹಸಿಯಾಗಿ ಕೀಳಬೇಡಿ, ಗಾರೆಯೂ ಕಿತ್ತು ಬರುತ್ತದೆ. ಬುಡ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಿ.

ತೆರವಾದ ಜಾಗದಲ್ಲಿ ಗೋಡೆಯುದ್ದಕ್ಕೂ 1 ಅಡಿ ಅಗಲ ಜಲ್ಲಿ ಹಾಕಿ. ಮಣ್ಣು ಗೋಡೆಯ ತೇವತಡೆ ಪದರಕ್ಕಿಂತ (ನೆಲದ ತೇವ ಗೋಡೆಗೆ ಏರದಂತೆ ಅಡಿಪಾಯದ ಮೇಲೆ ಹಾಕುವ ಪದರ) 15 ಸೆಂ.ಮೀ. ಕೆಳಗಿರಲಿ, ಇಳಿಜಾರು ಹೊರಗಡೆಗಿರಲಿ, ಹನಿ ನೀರಾವರಿಯ ಪೈಪನ್ನು ಗೋಡೆಯಿಂದ ದೂರ, ಗಿಡದ ಆಚೆ ಬದಿಗೆ ಸರಿಸಿ.