ಕಾಫಿ ಕಣದಲ್ಲಿ ಟೆನಿಸ್ ಕಲಿಸಿದ್ದು

2017ರ ಜೂನ್. ನಮ್ಮ ಕೊಡಗಿನಲ್ಲೇ ಬೆಳೆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದ ಸುದ್ದಿಯನ್ನು ನಾನೇ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಓದಿದೆ. ಆಮೇಲೆ ಐದನೇ ಕ್ಲಾಸಿನ ಹುಡುಗನೊಬ್ಬ ಬಂದು ಕೇಳಿದ: "ಸಾರ್, ನಮ್ಮೂರಲ್ಲಿ ಟೆನಿಸ್ ಯಾರು ಕಲಿಸ್ತಾರೆ?"

ಯಾರೂ ಇರಲಿಲ್ಲ. ನಾನು ಕೊಡಗಿನ ಒಂದು ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರು. ಇಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್. ಟೆನಿಸ್ ಏನಿದ್ದರೂ ಕ್ಲಬ್ಬಿನ ಬೇಲಿಯ ಒಳಗೆ. ಕಾಲೇಜಿನಲ್ಲಿ ನಾನು ಸ್ವಲ್ಪ ಆಡಿದ್ದೆ, ಅಷ್ಟೆ. ಆದರೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಮಳೆಗಾಲ ಮುಗಿಯುವವರೆಗೆ ಕಾದೆ. ಪಕ್ಕದ ತೋಟದ ಮಾಲೀಕರನ್ನು ಕೇಳಿದಾಗ ಕಾಫಿ ಒಣಗಿಸುವ ಕಣ ಕೊಟ್ಟರು. ಒಳ್ಳೆ ಸಿಮೆಂಟಿನ ಕಣ. ಡಿಸೆಂಬರ್‌ನಲ್ಲಿ ಹಣ್ಣು ಬಂದು ಬೀಳುವ ತನಕ ಖಾಲಿ. ಒಂದೇ ಷರತ್ತು: ಸುಣ್ಣದ ಗೆರೆ ಎಳೆಯಬಾರದು, ಅದು ಕಾಫಿಗೆ ಅಂಟುತ್ತದೆ. ಸೀಮೆಸುಣ್ಣದಿಂದ ಎಳೆದು, ಆಟ ಮುಗಿದ ಮೇಲೆ ಮಕ್ಕಳೇ ನೀರು ಹಾಕಿ ತೊಳೆಯುತ್ತಿದ್ದರು.

ಮೊದಲ ದಿನ 22 ಮಕ್ಕಳು ಬಂದರು. ಅರ್ಧಕ್ಕಿಂತ ಜಾಸ್ತಿ ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರ ಮಕ್ಕಳು. ಎರಡು ವಾರದಲ್ಲಿ 7 ಜನ ಉಳಿದರು. ತಪ್ಪು ನನ್ನದು. ನಾನು ತಂದಿದ್ದು ದೊಡ್ಡವರು ಆಡುವ ಹಳದಿ ಚೆಂಡು. ಸಿಮೆಂಟಿನ ಮೇಲೆ ಅದು ಮಕ್ಕಳ ತಲೆ ದಾಟಿ ಹಾರುತ್ತಿತ್ತು. ಅರ್ಧ ಗಂಟೆಯ ಆಟದಲ್ಲಿ ಇಪ್ಪತ್ತು ನಿಮಿಷ ಚೆಂಡು ಹುಡುಕಲು ಕಾಫಿ ಗಿಡದ ಸಂದಿಯಲ್ಲೇ ಇರುತ್ತಿದ್ದರು. ಯಾವ ಮಗು ನಿಲ್ಲುತ್ತದೆ, ಹೇಳಿ?

ಆಮೇಲೆ ಕೂತು ಓದಿದೆ, ಮೈಸೂರಿಗೆ ಹೋಗಿ ಒಬ್ಬ ಕೋಚ್ ಹತ್ತಿರ ಎರಡು ದಿನ ನಿಂತು ನೋಡಿದೆ. ಸಣ್ಣ ಮಕ್ಕಳಿಗೆ ಕೆಂಪು ಚೆಂಡು ಇದೆ, ಮಾಮೂಲಿ ಚೆಂಡಿಗಿಂತ ಶೇ. 75ರಷ್ಟು ನಿಧಾನ. ನಂತರ ಕಿತ್ತಳೆ ಬಣ್ಣದ್ದು, ಶೇ. 50. ಆಮೇಲೆ ಹಸಿರು ಚುಕ್ಕಿಯದ್ದು, ಶೇ. 25. ಕೆಂಪು ಚೆಂಡಿಗೆ ಅಂಕಣವೂ ಚಿಕ್ಕದು, ಸುಮಾರು 11 ಮೀಟರ್ ಉದ್ದ. ನೆಟ್ 80 ಸೆಂ.ಮೀ. ಎತ್ತರ ಇದ್ದರೆ ಸಾಕು. ನಮ್ಮ ಕಣದಲ್ಲಿ ಅಂಥವು ಮೂರು ಹಿಡಿದವು! ಎರಡು ಡ್ರಮ್ ಇಟ್ಟು ಹಳೇ ವಾಲಿಬಾಲ್ ನೆಟ್ ಕಟ್ಟಿದೆ. 21 ಮತ್ತು 23 ಇಂಚಿನ ಹಳೇ ರಾಕೆಟ್‌ಗಳನ್ನು ಗೊತ್ತಿದ್ದವರ ಮನೆಗಳಿಂದ ಬೇಡಿ ತಂದೆ.

ಕೆಂಪು ಚೆಂಡು ಬಂದ ದಿನ ಇಬ್ಬರು ಹುಡುಗಿಯರು ಒಂದೂ ತಪ್ಪದೆ 14 ಸಲ ಚೆಂಡು ದಾಟಿಸಿದರು. ಉಳಿದವರು ಸುತ್ತ ನಿಂತು ಜೋರಾಗಿ ಎಣಿಸುತ್ತಿದ್ದರು. ಅವತ್ತು ನನ್ನ ಕಣ್ಣು ತುಂಬಿತು. ಬಿಟ್ಟು ಹೋದವರು ಒಬ್ಬೊಬ್ಬರೇ ವಾಪಸ್ ಬಂದರು.

ಹಾಕಿ ಆಡಿದ ಮಕ್ಕಳಿಗೆ ಒಂದು ತೊಂದರೆ ಇತ್ತು. ಸ್ಟಿಕ್ ಹಿಡಿಯುವಾಗ ಎಡಗೈ ತುದಿಯಲ್ಲಿ, ಬಲಗೈ ಕೆಳಗೆ. ರಾಕೆಟ್ಟನ್ನೂ ಹಾಗೇ ಹಿಡಿಯುತ್ತಿದ್ದರು. ಎರಡು ಕೈಯ ಬ್ಯಾಕ್‌ಹ್ಯಾಂಡ್‌ಗೆ (ಬಲಗೈಯವರಿಗೆ ಎಡಗಡೆ ಬಂದ ಚೆಂಡಿನ ಹೊಡೆತ) ಬಲಗೈಯವರು ಬಲಗೈಯನ್ನೇ ರಾಕೆಟ್ ಹಿಡಿಯ ತುದಿಯಲ್ಲಿ ಇಡಬೇಕು. ಬಲಗೈ ಕೂರುವ ಜಾಗಕ್ಕೆ ಕೆಂಪು ಟೇಪ್ ಸುತ್ತಿದೆ. ಬಾಯಲ್ಲಿ ನೂರು ಸಲ ಹೇಳಿದರೂ ಆಗದ್ದು ಆ ಟೇಪಿನಿಂದ ಆಯಿತು. ಆದರೆ ಮಣಿಕಟ್ಟಿನ ಬಲ, ಚೆಂಡಿನ ಮೇಲಿನ ಕಣ್ಣು, ಓಟ ಇವೆಲ್ಲ ಹಾಕಿಯಿಂದ ಬಂದ ಆಸ್ತಿ. ಹಾಕಿ ಬಿಡಿ ಅಂತ ನಾನು ಯಾವ ಮಗುವಿಗೂ ಹೇಳಿಲ್ಲ.

ಆಯ್ಕೆ ಅಂತಲೂ ಮಾಡುವುದಿಲ್ಲ. ಹನ್ನೆರಡು ದಾಟಿತು, ಇನ್ನು ತಡ ಅಂತ ಹೇಳುವವರು ಬಹಳ. ಬೋಪಣ್ಣ ರಾಕೆಟ್ ಹಿಡಿದದ್ದೇ 11ನೇ ವಯಸ್ಸಿನಲ್ಲಿ. ಮೈ ಗಟ್ಟಿಯಾಗಲಿ ಅಂತ ತೋಟದಲ್ಲಿ ಸೌದೆ ಒಡೆದವರು. 2021ರಲ್ಲಿ ಐದು ತಿಂಗಳು ಒಂದು ಪಂದ್ಯವೂ ಗೆಲ್ಲದೆ, ಆಟ ನಿಲ್ಲಿಸುತ್ತೇನೆ ಅಂತ ಹೆಂಡತಿಗೆ ಹೇಳಿದ್ದರಂತೆ. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗ ಅವರನ್ನು ಮತ್ತೆ ಅಂಕಣಕ್ಕೆ ನಿಲ್ಲಿಸಿತು. ಈ ಕಥೆಯನ್ನು ನಾನು ಸೋತು ಬಂದ ಮಕ್ಕಳಿಗೆ ಮಾತ್ರ ಹೇಳುತ್ತೇನೆ. ಗೆದ್ದವರಿಗೆ ಅದು ಕೇಳಿಸುವುದಿಲ್ಲ.

2024ರ ಜನವರಿ 27, ಶನಿವಾರ. ಕಣದ ತುಂಬ ಕಾಫಿ. ಅದರ ಅಂಚಿನಲ್ಲಿ ಕೂತು, ನನ್ನ ಫೋನಿಗೆ ಹದಿನೈದು ತಲೆ ಮುಗಿಬಿದ್ದು ಆಸ್ಟ್ರೇಲಿಯನ್ ಓಪನ್ ಫೈನಲ್ ನೋಡಿದೆವು. ಬೋಪಣ್ಣ, ಜೊತೆಗೆ ಮ್ಯಾಥ್ಯೂ ಎಬ್ಡೆನ್. ಮೊದಲ ಸೆಟ್ 6-6 ಆಗಿ, ಅದನ್ನು ತೀರ್ಮಾನಿಸುವ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಎರಡನೇ ಸೆಟ್ 7-5. ಪುರುಷರ ಡಬಲ್ಸ್‌ನಲ್ಲಿ ಬೋಪಣ್ಣ ಅವರ ಮೊದಲ ಗ್ರ್ಯಾಂಡ್‌ಸ್ಲಾಮ್, 43ನೇ ವಯಸ್ಸಿನಲ್ಲಿ. ಮುಂದಿನ ಸೋಮವಾರ ವಿಶ್ವದ ನಂಬರ್ 1. ಮಕ್ಕಳು ಕುಣಿದಾಡಿ ಒಂದು ಮೂಲೆಯ ಕಾಫಿ ಎಲ್ಲ ಚೆಲ್ಲಾಪಿಲ್ಲಿ ಮಾಡಿದರು. ಮಾಲೀಕರು ಬೈಯಲಿಲ್ಲ.

ಬೆಂಗಳೂರಿನಲ್ಲಿ ಬೋಪಣ್ಣ ಅವರದೇ ಅಕಾಡೆಮಿ ಇದೆ. 2025ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದಾಗಲೂ, ಸಣ್ಣ ಊರಿನ ಮಕ್ಕಳಿಗೆ ನಂಬಿಕೆ ಕೊಡಬೇಕು ಅಂದರು. ಆ ಸಾಲನ್ನು ಬರೆದು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದೇನೆ.

ಹೋದ ವಾರ ಹದಿಮೂರು ವರ್ಷದ ಹುಡುಗಿಯೊಬ್ಬಳು ಹೊಸದಾಗಿ ಬಂದಳು. ಚಪ್ಪಲಿಯನ್ನು ಕಣದ ಅಂಚಿಗೆ ಜೋಡಿಸಿಟ್ಟು, ಬರಿಗಾಲಲ್ಲಿ ನಿಂತಳು. ಚೆಂಡು ಮೇಲಕ್ಕೆ ಎಸೆದಳು. ಮೂರು ಸಲ ತಪ್ಪಿತು. ನಾಲ್ಕನೆಯದು ನೆಟ್ಟಿಗೆ ತಾಗಿ ಆಚೆ ಬಿತ್ತು. ಓಡಿ ಹೋಗಿ ತಾನೇ ಚೆಂಡು ತಂದು, "ಸಾರ್, ಇನ್ನೊಂದು" ಅಂದಳು.