ಬಸ್ಸಿಗಿಂತ ಸ್ಲೋ ಇದ್ದ ನನ್ನ ಇಂಟರ್ನೆಟ್

ನಾನು ಬಾಗಲಕೋಟೆಯ ನವನಗರದಲ್ಲಿ ಮದುವೆ ವಿಡಿಯೋ ಮಾಡುವವನು. ಎಡಿಟಿಂಗ್ ಮಾಡುವ ಗೆಳೆಯ ಇರೋದು ಹುಬ್ಬಳ್ಳಿಯಲ್ಲಿ. ಒಂದು ಮದುವೆ ಅಂದರೆ ಸುಮಾರು 40 ಜಿಬಿ ಫೂಟೇಜ್. ಹಾರ್ಡ್‌ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿ ಬಸ್ಸಿಗೆ ಕೊಡುತ್ತಿದ್ದೆ. ಮೂರು ತಾಸಿಗೆ ಮುಟ್ಟುತ್ತಿತ್ತು.

ಒಂದಿನ ಸುಮ್ನೆ ಲೆಕ್ಕ ಹಾಕಿದೆ. ಒಂದು ಬೈಟ್‌ಗೆ 8 ಬಿಟ್. 40 ಜಿಬಿ ಅಂದರೆ 3,20,000 ಮೆಗಾಬಿಟ್. ಮೂರು ತಾಸು ಅಂದರೆ 10,800 ಸೆಕೆಂಡ್. ಭಾಗಿಸಿದರೆ ಸುಮಾರು 30. ಅಂದರೆ ಬಸ್ಸಿನ ಸ್ಪೀಡು 30 ಎಂಬಿಪಿಎಸ್, ಸೆಕೆಂಡಿಗೆ 30 ಮೆಗಾಬಿಟ್! ನಮ್ಮನೆಯ ಪ್ಲಾನು 100 ಎಂಬಿಪಿಎಸ್. ಆದರೂ ಅದರಲ್ಲಿ ಕಳಿಸಲು ಕೂತರೆ ಬೆಳಗಾಗುತ್ತಿತ್ತು. ಎಲ್ಲೋ ಏನೋ ತಪ್ಪಿದೆ ಅಂತ ಆವತ್ತೇ ನೋಟ್‌ಬುಕ್ ತೆಗೆದೆ.

ಮೊದಲು ಎಲ್ಲರ ಹಾಗೆ ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ. ಎಡಿಟಿಂಗ್ ರೂಮಿನಲ್ಲಿ 38 ಬಂತು. ಸಿಟ್ಟಿನಿಂದ ಕಂಪನಿಗೆ ಫೋನ್ ಮಾಡಿದೆ. "ವೈಫೈ ಬಿಟ್ಟು ಕೇಬಲ್ ಹಾಕಿ ನೋಡ್ರಿ ಸರ" ಅಂದರು. ಜಾರಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆದರೆ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿದರೆ 94! ನಾನು ಅಳೆದದ್ದು ಇಂಟರ್ನೆಟ್ಟನ್ನಲ್ಲ, ನಮ್ಮನೆ ಗೋಡೆಗಳನ್ನು. ರೂಟರ್ ಇದ್ದದ್ದು ಪಡಸಾಲೆಯಲ್ಲಿ, ಟಿವಿ ಹಿಂದೆ. 5 ಗಿಗಾಹರ್ಟ್ಸ್ ವೈಫೈಗೆ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. 2.4 ಅದರ ಉಲ್ಟಾ.

ಆದರೆ ಆ 94 ಡೌನ್‌ಲೋಡ್. ನನಗೆ ಬೇಕಿದ್ದದ್ದು ಅಪ್‌ಲೋಡ್. ಕೆಳಗಿನ ಸಣ್ಣ ನಂಬರ್ ನಾನು ಯಾವತ್ತೂ ಸರಿಯಾಗಿ ನೋಡಿರಲೇ ಇಲ್ಲ. ಅದು 10. ಆ ಲೆಕ್ಕದಲ್ಲಿ 40 ಜಿಬಿಗೆ ಸುಮಾರು ಒಂಬತ್ತು ತಾಸು. ಅಷ್ಟರಲ್ಲಿ ಬಸ್ಸು ಹುಬ್ಬಳ್ಳಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿರುತ್ತದೆ.

ಎರಡು ಓಣಿ ಆಚೆ ಭಾವನ ಮನೆ. ಅವರದು ಬೇರೆ ಕಂಪನಿಯ ಫೈಬರ್. ಹೋಲಿಸುವುದಾದರೆ ನ್ಯಾಯವಾಗಿ ಹೋಲಿಸಬೇಕಲ್ವಾ? ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಒಯ್ದೆ. ಸರ್ವರ್, ಅಂದರೆ ಟೆಸ್ಟ್‌ನಲ್ಲಿ ಆ ತುದಿಗಿರುವ ಕಂಪ್ಯೂಟರ್, ಕೂಡ ಅದೇ. ಇದು ಮುಖ್ಯ. ಊಕ್ಲಾ ಸ್ಪೀಡ್‌ಟೆಸ್ಟ್ ತಾನೇ ಹತ್ತಿರದ ಸರ್ವರ್ ಆರಿಸುತ್ತದೆ. ಎಷ್ಟೋ ಸಲ ಅದು ನಮ್ಮ ಕಂಪನಿಯದ್ದೇ ಇರುತ್ತದೆ. ಮನೆಯವರೇ ಮಾರ್ಕ್ಸ್ ಕೊಟ್ಟ ಹಾಗೆ! ಹಾಗಾಗಿ ಎರಡೂ ಕಡೆ ಬೆಂಗಳೂರಿನ ಒಂದೇ ಸರ್ವರ್ ಆರಿಸಿದೆ. ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿದೆ. ಅದು ನೆಟ್‌ಫ್ಲಿಕ್ಸ್‌ನವರದು, ಅವರದೇ ಸರ್ವರ್‌ಗಳಿಂದ ಅಳೆಯುತ್ತದೆ. ಹಾಗಾಗಿ ನಂಬರ್ ಸ್ವಲ್ಪ ಬೇರೆ ಬಂತು. ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ವಾರ ಬೆಳಿಗ್ಗೆ ಏಳು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತೂವರೆಗೆ ಬರೆದಿಟ್ಟೆ. ಬೆಳಿಗ್ಗೆ ಎಲ್ಲರೂ ಶೂರರು. ಊಟ ಮುಗಿಸಿ ಓಣಿಯವರೆಲ್ಲ ಮೊಬೈಲ್ ಹಿಡಿಯುವ ಹೊತ್ತಿಗೆ ನನ್ನ 94 ಇಳಿದು 55, 60 ಆಗುತ್ತಿತ್ತು. ಭಾವನದ್ದು ರಾತ್ರಿಯೂ 90ರ ಮೇಲೆ. ಅವರ ಅಪ್‌ಲೋಡ್ ಕೂಡ ಅಷ್ಟೇ.

ಕೊನೆಗೆ ಒಂದು ಗಟ್ಟಿ ಪರೀಕ್ಷೆ. 1 ಜಿಬಿಯ ಒಂದು ಕ್ಲಿಪ್ಪನ್ನು ಆನ್‌ಲೈನ್ ಡ್ರೈವ್‌ಗೆ ಹಾಕಿ ಗಡಿಯಾರ ಹಿಡಿದು ಕೂತೆ. ಭಾವನ ಮನೆಯಲ್ಲಿ ಎರಡು ನಿಮಿಷದೊಳಗೆ ಮುಗಿಯಿತು. ಅಕ್ಕ ತಂದ ಚಹಾ ಇನ್ನೂ ಬಿಸಿ ಇತ್ತು. ನಮ್ಮನೆಯಲ್ಲಿ 14 ನಿಮಿಷ. ಅಷ್ಟೂ ಹೊತ್ತು ಹೆಂಡತಿಯ ವಿಡಿಯೋ ಕಾಲ್ ತಡವರಿಸುತ್ತಿತ್ತು. ಸುಮ್ನಿದ್ದಾಗ 15 ಮಿಲಿಸೆಕೆಂಡ್ ಇದ್ದ ಪಿಂಗ್ (ಸಂದೇಶ ಹೋಗಿ ಉತ್ತರ ಬರುವ ಸಮಯ), ಅಪ್‌ಲೋಡ್ ನಡೆದಾಗ 300 ದಾಟುತ್ತಿತ್ತು. ಸಣ್ಣ ಬಾಗಿಲಲ್ಲಿ ನನ್ನ ಫೂಟೇಜ್ ತುಂಬಿ ನಿಂತರೆ ಅವಳ ಮಾತು ಹಿಂದೆ ಕಾಯಲೇಬೇಕು.

ಭಾವನ ಕಂಪನಿಯದ್ದೇ 200ರ ಪ್ಲಾನ್ ಹಾಕಿಸಿದೆ. ಟೆಸ್ಟ್ ಮಾಡಿದರೆ ಮತ್ತೆ 94! ಅದೇ ನಂಬರ್ ನೋಡಿ ಅನುಮಾನ ಬಂತು. ಕೇಬಲ್ಲಿನ ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ಎಂಟು ತಂತಿ ಇರಬೇಕಾದಲ್ಲಿ ನಾಲ್ಕೇ ಇದ್ದವು. ಹಳೆಯ ಕನೆಕ್ಷನ್ ಕೊಡುವಾಗ ಯಾರೋ ಸೇರಿಸಿದ್ದ ಕೇಬಲ್ ಅದು. ನಾಲ್ಕು ತಂತಿಯಲ್ಲಿ 100ರ ಮೇಲೆ ಹೋಗುವುದಿಲ್ಲ, ಅದರಲ್ಲೂ ಕೈಗೆ ಸಿಗುವುದು 94, 95. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಅಂಗಡಿಯಿಂದ ಎಂಟು ತಂತಿಯ ಕ್ಯಾಟ್ 6 ಕೇಬಲ್ ತಂದು ಹಾಕಿದೆ, ಡೌನ್‌ಲೋಡ್, ಅಪ್‌ಲೋಡ್ ಎರಡೂ 190 ದಾಟಿದವು.

ಈಗ 40 ಜಿಬಿ ಅರ್ಧ ತಾಸಿನಲ್ಲಿ ಹುಬ್ಬಳ್ಳಿಯಲ್ಲಿರುತ್ತದೆ. ಆದರೆ ಬೇಸಿಗೆಯಲ್ಲಿ ಕರೆಂಟ್ ಹೋದಾಗ ರೂಟರ್‌ನ ಲೈಟೂ ಆರಿಹೋಗುತ್ತದೆ. ಅದಕ್ಕೊಂದು ಪುಟ್ಟ ಯುಪಿಎಸ್ ತರಬೇಕು. ಅಲ್ಲಿಯವರೆಗೆ ಸ್ಟೀಲ್ ಡಬ್ಬಿಯನ್ನು ಅಡುಗೆಮನೆಗೆ ವಾಪಸ್ ಕೊಟ್ಟಿಲ್ಲ.